ವನ್ಯಜೀವಿ ಮಂಡಳಿಯ ಮೊದಲ ಅಧ್ಯಕ್ಷರು: ಶ್ರೀ ಜಯಚಾಮರಾಜ ಒಡೆಯರ್

1956ನೇ ಇಸವಿಯ ನವೆಂಬರ್ 1ರಂದು ನಮ್ಮ ಕಾಸರಗೋಡು ತಾಲೂಕು ಮದ್ರಾಸನ್ನು ಬಿಟ್ಟು ಕೇರಳಕ್ಕೆ ಸೇರಿತು. ಅದೇ ದಿನ, ಇಲ್ಲಿಂದ ಬಹು ದೂರದ ಬಡಗಣ ತುದಿಯಲ್ಲಿ, ಬೀದರ ಜಿಲ್ಲೆಯ ಉದಗೀರ, ನಿಲಂಗಾ, ಅಹಮದಪುರ ತಾಲೂಕುಗಳು ಬೀದರದಿಂದ ಬೇರ್ಪಟ್ಟು ಮುಂಬಯಿ ರಾಜ್ಯಕ್ಕೆ ಹೋದುವು. ಅವುಗಳ ನೆರೆಯ ಉಮರ್ಗಾ, ಉಸ್ಮಾನಾಬಾದ ಜಿಲ್ಲೆಯೊಡನೆ ಅದೇ ರಾಜ್ಯದ ಪಾಲಾಯಿತು. ಬೀದರ ಪಟ್ಟಣ ವಿಶಾಲ ಮೈಸೂರಿಗೆ ಬಂತು. ಆ ಹೊಸ ಮೈಸೂರು ರಾಜ್ಯಕ್ಕೆ ಅಂದು ರಾಜ್ಯಪಾಲರಾದವರು ಮೈಸೂರಿನ ಕೊನೆಯ ಅರಸರಾದ ಶ್ರೀ ಜಯಚಾಮರಾಜ ಒಡೆಯರ್. ಮಂಗಳೂರು, ಪುತ್ತೂರಿನವರಿಗೆಲ್ಲ ಅವರು ರಾಜ್ಯಪಾಲರಾದರು. ನಮಗೆ ಆಗಲಿಲ್ಲ, ಉದಗೀರದ ಕನ್ನಡಿಗರಿಗೂ ಆಗಲಿಲ್ಲ.

ಆದರೆ ಅದಕ್ಕೆ ನಾಲ್ಕು ವರ್ಷ ಮೊದಲೇ ಅವರು ಹೊತ್ತಿದ್ದ ಇನ್ನೊಂದು ಹೊಣೆಗೆ ಇಂತಹ ಗೆರೆಗಳಿರಲಿಲ್ಲ. ಇಡೀ ಭಾರತದ ಕಾಡುಮೃಗ, ಕಾಡುಹಕ್ಕಿಗಳ ರಕ್ಷಣೆಗೆಂದು ಕೇಂದ್ರ ಸರಕಾರ ನೇಮಿಸಿದ ಸಲಹಾ ಮಂಡಳಿಗೆ ಅವರು ಮೊದಲ ಅಧ್ಯಕ್ಷರಾಗಿದ್ದರು. ದಸರೆಯ ಅಂಬಾರಿ, ಸಂಗೀತದ ಕೃತಿಗಳು, ಅರಮನೆಯ ವೈಭವ ಇವುಗಳ ನಡುವೆ ಈ ಸಂಗತಿ ಮರೆತೇ ಹೋದಂತಾಗಿದೆ.

ಜಯಚಾಮರಾಜರು ಹುಟ್ಟಿದ್ದು 1919ರ ಜುಲೈ 18ರಂದು; ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಏಕೈಕ ಪುತ್ರ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಓದಿ 1938ರಲ್ಲಿ ಚಿನ್ನದ ಪದಕಗಳೊಂದಿಗೆ ಪದವೀಧರರಾದರು. 1940ರ ಮಾರ್ಚಿನಲ್ಲಿ ತಂದೆ ತೀರಿಕೊಂಡರು. ಆಗಸ್ಟಿನಲ್ಲಿ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರೂ ಕಣ್ಮುಚ್ಚಿದರು. ಸೆಪ್ಟೆಂಬರ್ 8ರಂದು ಪಟ್ಟವೇರಿದಾಗ ಅವರಿಗೆ ಇಪ್ಪತ್ತೊಂದು ವರ್ಷ.

ಅವರು ಒಳ್ಳೆಯ ಗುರಿಕಾರರು, ಶಿಕಾರಿಯಲ್ಲಿ ನುರಿತವರು. ಪುಂಡಾನೆಯೋ ನರಭಕ್ಷಕ ಹುಲಿಯೋ ಊರಿಗೆ ಕಾಟ ಕೊಟ್ಟರೆ ಜನ ಅರಮನೆಯ ಕಡೆ ನೋಡುತ್ತಿದ್ದರು. ಅವರ ಬೇಟೆಯ ನೆನಪುಗಳು ಅರಮನೆಯ ಸಂಗ್ರಹದಲ್ಲಿ ಇಂದಿಗೂ ಇವೆ. ದೇಶದ ರಾಜಮಹಾರಾಜರು ಕೊಂದ ಹುಲಿ, ಚಿರತೆಗಳನ್ನು ತುಂಬಿಸಿಕೊಡುತ್ತಿದ್ದ ವಾನ್ ಇಂಗೆನ್ ಮನೆತನದ ಕಾರ್ಖಾನೆ ಇದ್ದದ್ದೂ ಮೈಸೂರಿನಲ್ಲೇ. ಕಾಕನಕೋಟೆಯ ಖೆಡ್ಡಾವಂತೂ ಲೋಕಪ್ರಸಿದ್ಧ. ಕಾಡಾನೆಗಳ ಹಿಂಡನ್ನು ತಮಟೆ, ಬೆಂಕಿ, ಕೂಗುಗಳಿಂದ ಬೆದರಿಸಿ, ಕಬಿನಿ ಹೊಳೆಗೆ ಇಳಿಸಿ, ಆಚೆ ದಡದ ಮರದ ಕೋಟೆಯೊಳಕ್ಕೆ ನುಗ್ಗಿಸುವ ಆ ದೃಶ್ಯವನ್ನು ಗಣ್ಯರು ಅಟ್ಟಣಿಗೆಯ ಮೇಲೆ ಕುಳಿತು ನೋಡುತ್ತಿದ್ದರು. ಜೀವದ ಹಂಗು ತೊರೆದು ಆನೆಗಳ ಬೆನ್ನಟ್ಟುತ್ತಿದ್ದವರು ಜೇನುಕುರುಬರು. ಇಂತಹ ಪರಂಪರೆಯಲ್ಲಿ ಬೆಳೆದವರು ಮೃಗರಕ್ಷಣೆಯ ಮಂಡಳಿಗೆ ಅಧ್ಯಕ್ಷರಾದದ್ದು ಹೇಗೆಂದು ಈಗಿನವರು ಹುಬ್ಬೇರಿಸಬಹುದು. ಆ ಕಾಲಕ್ಕೆ ಅದು ವಿಚಿತ್ರವಾಗಿರಲಿಲ್ಲ. ಕಾಡಿನಲ್ಲಿ ಯಾವ ಪ್ರಾಣಿ ಎಷ್ಟಿದೆ, ಯಾವುದು ಕಡಮೆಯಾಗುತ್ತಿದೆ ಎಂಬುದು ಶಿಕಾರಿಗೇ ಮೊದಲು ಗೊತ್ತಾಗುತ್ತಿತ್ತು.

ರಾಜರು ಕಾಡು ಕಾಯ್ದದ್ದು ಮೃಗಗಳ ಮೇಲಿನ ಮಮತೆಯಿಂದ ಮಾತ್ರ ಎಂದರೆ ಅದು ಪೂರ್ಣ ಸತ್ಯವಾಗದು. ತಮ್ಮ ಬೇಟೆಗೆಂದು ಕಾಯ್ದ ಕಾಡುಗಳೂ ಇದ್ದುವು. ಆದರೂ ಕಾಯ್ದದ್ದಂತೂ ನಿಜ. ಡಾ. ಸಲೀಂ ಅಲಿಯವರು 1939-40ರಲ್ಲಿ ಮೈಸೂರು ಸಂಸ್ಥಾನದ ಆಶ್ರಯದಲ್ಲಿ ಇಲ್ಲಿನ ಹಕ್ಕಿಗಳ ಸಮೀಕ್ಷೆ ನಡೆಸಿದರು. ಕಾವೇರಿಯ ನಡುಗಡ್ಡೆಗಳಲ್ಲಿ ಗೂಡು ಕಟ್ಟುವ ಹಕ್ಕಿಗಳಿಗೆ ರಕ್ಷಣೆ ಬೇಕೆಂದು ಅವರು ಅರಮನೆಯನ್ನು ಒಪ್ಪಿಸಿದ್ದರಿಂದಲೇ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಬಂಡೀಪುರದಲ್ಲಿ ನಾಲ್ವಡಿಯವರ ಕಾಲಕ್ಕೆ 90 ಚದರ ಕಿಲೋಮೀಟರಿನಷ್ಟಿದ್ದ ರಕ್ಷಿತ ಪ್ರದೇಶ, 1941ರಲ್ಲಿ ಗೋಪಾಲಸ್ವಾಮಿ ಬೆಟ್ಟದ ದೇವರ ಹೆಸರಿನಲ್ಲಿ ವೇಣುಗೋಪಾಲ ವನ್ಯಮೃಗ ಉದ್ಯಾನವಾಗಿ 800 ಚದರ ಕಿಲೋಮೀಟರಿಗೆ ಬೆಳೆಯಿತು. ಆಗ ತಜ್ಞನೊಬ್ಬ ಅರಸನಿಗೆ ಮನದಟ್ಟು ಮಾಡಿಕೊಟ್ಟರೆ ಸಾಕಿತ್ತು. ಅರಸ ಒಪ್ಪಿದರೆ ಮರುದಿನ ಹುಕುಂ.

1947ರ ಆಗಸ್ಟಿನಲ್ಲಿ ಜಯಚಾಮರಾಜರು ಭಾರತ ಒಕ್ಕೂಟವನ್ನು ಸೇರುವ ಪತ್ರಕ್ಕೆ ರುಜು ಹಾಕಿದರು. ಆ ವರ್ಷವೇ, ಮೈಸೂರು ಚಲೋ ಚಳವಳಿಯ ತರುವಾಯ, ಶ್ರೀ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲಕ್ಕೆ ಆಡಳಿತ ಹೋಯಿತು. 1950ರಿಂದ ಅವರು ರಾಜಪ್ರಮುಖರು. ಗೌರವ ಇತ್ತು, ಹುಕುಂ ಇರಲಿಲ್ಲ.

ಸ್ವಾತಂತ್ರ್ಯದ ಆ ಮೊದಲ ವರ್ಷಗಳು ಕಾಡುಪ್ರಾಣಿಗಳಿಗೆ ಬಹಳ ಕೆಟ್ಟ ಕಾಲ. ರಾಜರ ಕಾವಲು ತೆಗೆದಾಗಿತ್ತು, ಸರಕಾರದ ಕಾವಲು ಇನ್ನೂ ಬಂದಿರಲಿಲ್ಲ. ಬೆಳೆ ಕಾಯಲೆಂದು ಕೊಟ್ಟ ಬಂದೂಕುಗಳು ಬೇರೆಲ್ಲದಕ್ಕೂ ಬಳಕೆಯಾದುವು. ಯುದ್ಧ ಮುಗಿದ ಮೇಲೆ ಅಗ್ಗಕ್ಕೆ ಸಿಕ್ಕ ಜೀಪುಗಳಲ್ಲಿ ರಾತ್ರಿ ದೀಪ ಹಾಯಿಸಿ ಗುಂಡು ಹಾರಿಸುವ ಹೊಸ ಶಿಕಾರಿ ಹುಟ್ಟಿತು. ದಟ್ಟ ಕಾಡಿನ ಪ್ರಾಣಿಗೆ ಅಡಗಲು ಜಾಗವಾದರೂ ಇತ್ತು; ಬಯಲಿನದಕ್ಕೆ ಅದೂ ಇಲ್ಲ. ಸೊಲ್ಲಾಪುರದಿಂದ ಉಮರ್ಗಾ ಹಾಯ್ದು ಹೈದರಾಬಾದಿಗೆ ಹೋಗುವ ಹೆದ್ದಾರಿಯ ಎಡಬಲದ ಸೀಮೆಯನ್ನು ನೋಡಿದವರಿಗೆ ಇದು ತಿಳಿಯುತ್ತದೆ. ಕಣ್ಣು ಹಾಯುವವರೆಗೂ ಎರೆಹೊಲ, ಕುರುಚಲು ಹುಲ್ಲು. ಕೃಷ್ಣಮೃಗಕ್ಕೂ, ನಮ್ಮವರು ಎರ್ಲಡ್ಡು ಎಂದೂ ಮರಾಠಿಗರು ಮಾಳಢೋಕ ಎಂದೂ ಕರೆಯುವ ದೊಡ್ಡ ಹಕ್ಕಿಗೂ ದಖ್ಖಣದ ಇಂಥ ಬಯಲೇ ಮನೆ.

ಬೆಂಗಳೂರಿನಲ್ಲಿ ನೆಲೆಸಿದ್ದ ಕರ್ನಲ್ ಬರ್ಟನ್ನರಂತಹ ಹಳೆಯ ಶಿಕಾರಿಗಳು ಈ ವಿನಾಶದ ಬಗೆಗೆ ಬರೆದು ಬರೆದು ಸರಕಾರವನ್ನು ಎಚ್ಚರಿಸುತ್ತಿದ್ದರು. ಕೊನೆಗೆ 1952ರ ಏಪ್ರಿಲಿನಲ್ಲಿ ಕೇಂದ್ರ ಆಹಾರ ಮತ್ತು ಕೃಷಿ ಇಲಾಖೆ ವನ್ಯಜೀವಿ ಮಂಡಳಿಯನ್ನು ರಚಿಸಿ ಮೈಸೂರಿನ ಮಹಾರಾಜರನ್ನು ಅಧ್ಯಕ್ಷರನ್ನಾಗಿ ಮಾಡಿತು. ಮೊದಲ ಅಧಿವೇಶನ ನಡೆದದ್ದೂ ಮೈಸೂರಿನಲ್ಲೇ, ಆ ವರ್ಷದ ನವೆಂಬರ್ ಕೊನೆಯ ವಾರದಲ್ಲಿ. ಭಾರತೀಯ ವನ್ಯಜೀವಿ ಮಂಡಳಿ ಎಂಬ ಹೆಸರು ಅದಕ್ಕೆ ನಿಂತದ್ದು ಅಲ್ಲಿಂದ ಮುಂದೆ.

ಆ ಒಂದು ವಾರದಲ್ಲಿ ಮಂಡಳಿ ದೇಶದ ವನ್ಯಜೀವಿ ರಕ್ಷಣೆಗೆ ಒಂದು ನಕ್ಷೆಯನ್ನೇ ಹಾಕಿಕೊಟ್ಟಿತು. ವಿನಾಶದ ಅಂಚಿನಲ್ಲಿರುವ 13 ಜಾತಿಗಳ ಪಟ್ಟಿಯೊಂದನ್ನು ಮಾಡಿತು. ಗಿರ್ ಕಾಡಿನ ಸಿಂಹ, ಘೇಂಡಾಮೃಗ, ಕಚ್ಛದ ಕಾಡುಕತ್ತೆ, ಹಿಮಚಿರತೆ, ಕಸ್ತೂರಿ ಮೃಗ, ಮಣಿಪುರದ ಸಾಂಗೈ ಜಿಂಕೆ, ಸಿವಂಗಿ, ಎರ್ಲಡ್ಡು ಹಕ್ಕಿ ಮುಂತಾದವು ಅದರಲ್ಲಿದ್ದುವು. ಅಭಯಾರಣ್ಯಗಳೂ ರಾಷ್ಟ್ರೀಯ ಉದ್ಯಾನಗಳೂ ಹೆಚ್ಚಬೇಕು, ಸಿಂಹಗಳೆಲ್ಲ ಒಂದೇ ಕಾಡಿನಲ್ಲಿದ್ದರೆ ಒಂದು ರೋಗಕ್ಕೆ ಎಲ್ಲವೂ ನಾಶವಾಗಬಹುದಾದ್ದರಿಂದ ಅವಕ್ಕೆ ಎರಡನೆಯ ನೆಲೆ ಬೇಕು, ಮಧ್ಯ ಭಾರತದಲ್ಲಿ ಸಿವಂಗಿಯನ್ನು ಉಳಿಸಲು ವಿಶೇಷ ಪ್ರಯತ್ನವಾಗಬೇಕು ಎಂಬ ಮಾತುಗಳು ಅಲ್ಲಿಂದಲೇ ಹೊರಟುವು.

ಈಗ ಆ ಪಟ್ಟಿಯನ್ನು ಓದಿದರೆ ಎರಡು ಸಂಗತಿ ಮನಸ್ಸನ್ನು ಚುಚ್ಚುತ್ತವೆ. ಪಟ್ಟಿಯಲ್ಲಿದ್ದ ಗುಲಾಬಿ ತಲೆಯ ಬಾತನ್ನು 1935ರಿಂದೀಚೆಗೆ ಯಾರೂ ಖಚಿತವಾಗಿ ಕಂಡಿರಲಿಲ್ಲ. ಸಿವಂಗಿಗಳ ಕೊನೆಯ ಮೂರನ್ನು 1947ರಲ್ಲಿ ಮಧ್ಯ ಭಾರತದ ಅರಸರೊಬ್ಬರು ಒಂದೇ ರಾತ್ರಿ ಹೊಡೆದುರುಳಿಸಿದ್ದರೆಂದು ಹೇಳುತ್ತಾರೆ. ಅಂದರೆ ಮಂಡಳಿ ಕೂಡುವ ಮೊದಲೇ ಪಟ್ಟಿಯ ಕೆಲವರು ಹೊರಟು ಹೋಗಿದ್ದರು. ಇನ್ನೊಂದು: ಹುಲಿಯ ಹೆಸರು ಅದರಲ್ಲಿರಲಿಲ್ಲ. ಹುಲಿ ಮುಗಿದೀತೆಂದು 1952ರಲ್ಲಿ ಯಾರಿಗೂ ಅನಿಸಿರಲಿಲ್ಲ. ಶಿಕಾರಿ ಕಂಪನಿಗಳು ವಿದೇಶೀಯರನ್ನು ಕರೆತಂದು ಹಣಕ್ಕೆ ಹುಲಿ ಹೊಡೆಸುವುದು ಗೌರವದ ವ್ಯಾಪಾರವಾಗಿತ್ತು. ಬಲ್ಲವರ ಮಂಡಳಿಯ ಕಣ್ಣಿಗೂ ಮಂಜು ಕವಿದಿರುತ್ತದೆ.

ಮಂಡಳಿಯ ನಿಜವಾದ ತೊಡಕು ಬೇರೆಯೇ ಇತ್ತು. ಅದು ಸಲಹೆ ಕೊಡಬಹುದಿತ್ತು, ಅಷ್ಟೆ. ಸಂವಿಧಾನದಂತೆ ಅರಣ್ಯವೂ ವನ್ಯಜೀವಿಯೂ ಆಗ ರಾಜ್ಯಗಳ ಅಧಿಕಾರಕ್ಕೆ ಸೇರಿದ್ದುವು. ದಿಲ್ಲಿಯ ಮಂಡಳಿ ಶಿಫಾರಸು ಕಳಿಸಬೇಕು, ರಾಜ್ಯ ಒಪ್ಪಿದರೆ ಉಂಟು, ಕಡತದಲ್ಲಿಟ್ಟರೆ ಇಲ್ಲ. ಮುಂಬಯಿ ರಾಜ್ಯ 1951ರಲ್ಲೇ ವನ್ಯಪ್ರಾಣಿ, ವನ್ಯಪಕ್ಷಿಗಳ ರಕ್ಷಣೆಗೆ ಕಾಯಿದೆ ಮಾಡಿಕೊಂಡಿತ್ತು. ಮಂಡಳಿಯ ಅಧ್ಯಕ್ಷರ ಸ್ವಂತ ರಾಜ್ಯವಾದ ಮೈಸೂರಿನಲ್ಲಿ ಅಂತಹ ಕಾಯಿದೆ ಬರಲು 1963 ಆಗಬೇಕಾಯಿತು. ಅಷ್ಟು ವರ್ಷವೂ ಅಲ್ಲಿನ ರಾಜಪ್ರಮುಖರೂ ರಾಜ್ಯಪಾಲರೂ ಆಗಿದ್ದವರು ಅವರೇ. ಒಂದು ಹುಕುಮಿನಲ್ಲಿ ರಕ್ಷಿತಾರಣ್ಯ ಮಾಡಬಲ್ಲವರಾಗಿದ್ದವರಿಗೆ ಈ ಕಾಯುವಿಕೆ ಹೇಗೆ ಕಂಡಿರಬಹುದೋ! ಶಿಫಾರಸು ಎಂದರೇನೆಂಬುದನ್ನು ಕಾಸರಗೋಡಿನವರಿಗಂತೂ ಯಾರೂ ಹೇಳಿಕೊಡಬೇಕಿಲ್ಲ. 1967ರ ಮಹಾಜನ ವರದಿಯನ್ನು ಕಂಡವರು ನಾವು.

ಹಾಗೆಂದು ಮಂಡಳಿ ಬರಿಯ ಮಾತಿನ ಮನೆಯಾಗಿರಲಿಲ್ಲ. ಸದಸ್ಯರಾಗಿದ್ದ ಅಸ್ಸಾಮಿನ ಚಹಾ ತೋಟಗಾರ ಇ. ಪಿ. ಜೀ ಅವರು 1953ರಲ್ಲಿ ಮಣಿಪುರದ ಲೋಕ್ತಕ್ ಸರೋವರದ ತೇಲುವ ಹುಲ್ಲುಗಾವಲಿನಲ್ಲಿ, ನಿರ್ನಾಮವಾಯಿತೆಂದೇ ನಂಬಿದ್ದ ಸಾಂಗೈ ಜಿಂಕೆ ಇನ್ನೂ ಬದುಕಿರುವುದನ್ನು ಕಂಡುಹಿಡಿದರು. ಅಕ್ಟೋಬರ್ ಮೊದಲ ವಾರದಲ್ಲಿ ನಮ್ಮ ಶಾಲೆಗಳಲ್ಲಿ ನಡೆಯುವ ವನ್ಯಜೀವಿ ಸಪ್ತಾಹವೂ ಮಂಡಳಿಯ ಯೋಚನೆಯ ಫಲ. ರಾಷ್ಟ್ರಪಕ್ಷಿಯನ್ನು ಆರಿಸುವ ಚರ್ಚೆಯಲ್ಲಿ ಸಲೀಂ ಅಲಿಯವರ ಒಲವು ಎರ್ಲಡ್ಡುವಿನ ಕಡೆಗಿತ್ತು. 1963ರಲ್ಲಿ ಆ ಪಟ್ಟ ನವಿಲಿಗೆ ಹೋಯಿತು. ಗಂಡಭೇರುಂಡವನ್ನು ಲಾಂಛನವಾಗಿ ಹೊತ್ತ ಮನೆತನದ ಅರಸರು ಯಾವ ಪಕ್ಷ ವಹಿಸಿದರೆಂದು ತಿಳಿಯುವ ಕುತೂಹಲ ಈ ಲೇಖಕನಿಗಿದೆ.

ಸಿಂಹಕ್ಕೆ ಎರಡನೆಯ ಮನೆ ಮಾಡುವ ಸಲಹೆಯನ್ನು ಸರಕಾರ ನಡೆಸಿಯೂ ನೋಡಿತು. 1957ರ ಡಿಸೆಂಬರಿನಲ್ಲಿ ಗಿರ್‌ನಿಂದ ಒಂದು ಗಂಡು, ಎರಡು ಹೆಣ್ಣು ಸಿಂಹಗಳನ್ನು ಉತ್ತರ ಪ್ರದೇಶದಲ್ಲಿ, ಕಾಶಿಗೆ ಸಮೀಪದ ಚಂದ್ರಪ್ರಭಾ ಅಭಯಾರಣ್ಯಕ್ಕೆ ಒಯ್ದು ಬಿಟ್ಟರು. ಮೂರು ಇದ್ದದ್ದು 1965ರ ಹೊತ್ತಿಗೆ ಹನ್ನೊಂದಾಯಿತು. ಎಲ್ಲರೂ ಸಂತೋಷಪಟ್ಟರು. ಆಮೇಲೆ ಒಂದೊಂದಾಗಿ ಕಾಣದಾದುವು, ಒಂದೂ ಉಳಿಯಲಿಲ್ಲ. ಕಾಡು ಚಿಕ್ಕದು, ಸುತ್ತ ದನ ಮೇಯಿಸುವ ಹಳ್ಳಿಗಳು. ಗುಂಡಿಗೆ ಬಿದ್ದುವೋ ವಿಷಕ್ಕೆ ಬಿದ್ದುವೋ, ಲೆಕ್ಕ ಇಟ್ಟವರಿಲ್ಲ. ಸಲಹೆ ಸರಿಯಾಗಿತ್ತು. ಸಿಂಹ ಬಿಟ್ಟ ಮೇಲೆ ನಿತ್ಯ ಕಾಯುವ ಕೆಲಸ ಯಾರದೆಂಬುದು ಮಾತ್ರ ಯಾರ ಶಿಫಾರಸಿನಲ್ಲೂ ಗಟ್ಟಿಯಾಗಿರಲಿಲ್ಲ.

1964ರಲ್ಲಿ ಜಯಚಾಮರಾಜರು ಮದ್ರಾಸಿನ ರಾಜ್ಯಪಾಲರಾಗಿ ಹೋದರು. ನಾವು ಆ ರಾಜ್ಯವನ್ನು ಬಿಟ್ಟು ಎಂಟು ವರ್ಷವಾಗಿತ್ತು. 1966ರಲ್ಲಿ ಆ ಸ್ಥಾನವನ್ನೂ ಬಿಟ್ಟು ಮೈಸೂರಿಗೆ ಮರಳಿದರು. ಅಷ್ಟರಲ್ಲಿ ಹುಲಿಯ ಸ್ಥಿತಿ ಎಲ್ಲರಿಗೂ ಕಾಣುವಷ್ಟು ಕೆಟ್ಟಿತ್ತು. ಡಾ. ಕರಣ್ ಸಿಂಗ್ ಅಧ್ಯಕ್ಷರಾಗಿದ್ದ ಮಂಡಳಿ 1969ರಲ್ಲಿ ಹುಲಿ ಬೇಟೆಯನ್ನೇ ನಿಲ್ಲಿಸಬೇಕೆಂದಿತು. ಮರುವರ್ಷ ನಿಷೇಧ ಬಂತು. 1972ರ ಗಣತಿಯಲ್ಲಿ ಸಿಕ್ಕ ಹುಲಿಗಳು 1,827. ರಾಜ್ಯಗಳ ವಿಧಾನಸಭೆಗಳು ಕೇಳಿಕೊಂಡ ಮೇಲೆ ಅದೇ ವರ್ಷ ಪಾರ್ಲಿಮೆಂಟು ವನ್ಯಜೀವಿ ರಕ್ಷಣಾ ಕಾಯಿದೆಯನ್ನು ಮಾಡಿತು. ಇಪ್ಪತ್ತು ವರ್ಷ ಸಲಹೆಯಾಗಿ ಉಳಿದದ್ದು ಈಗ ಕಾನೂನಾಯಿತು. 1973ರಲ್ಲಿ ಹುಲಿ ಯೋಜನೆ ಶುರುವಾದಾಗ ಮೊದಲ ಒಂಬತ್ತು ನೆಲೆಗಳಲ್ಲಿ ಬಂಡೀಪುರವೂ ಒಂದು.

ಕಾಕನಕೋಟೆಯ ಕೊನೆಯ ಖೆಡ್ಡಾ 1971ರಲ್ಲಿ ಮುಗಿದಿತ್ತು. ಅದೇ ವರ್ಷ ರಾಜಧನವೂ ನಿಂತಿತು. ಕಬಿನಿಗೆ ಅಣೆಕಟ್ಟು ಬಂದು, ಆನೆಗಳನ್ನು ಇಳಿಸುತ್ತಿದ್ದ ಹೊಳೆಯ ಆ ಜಾಗವೆಲ್ಲ ಹಿನ್ನೀರಿನ ಅಡಿಗೆ ಹೋಯಿತು. 1974ರ ಸೆಪ್ಟೆಂಬರ್ 23ರಂದು ಜಯಚಾಮರಾಜರು ತೀರಿಕೊಂಡರು. ಆಗ ಅವರಿಗೆ ಐವತ್ತೈದು ವರ್ಷ.

2002ರ ತಿದ್ದುಪಡಿಯಿಂದ ಮಂಡಳಿಗೆ ಕಾನೂನಿನ ಬಲ ಬಂತು. ಈಗ ಅದು ರಾಷ್ಟ್ರೀಯ ವನ್ಯಜೀವಿ ಮಂಡಳಿ, ಪ್ರಧಾನಮಂತ್ರಿಯವರೇ ಅಧ್ಯಕ್ಷರು. 2012ರ ನಂತರ ಪೂರ್ಣ ಮಂಡಳಿ ಮತ್ತೆ ಸೇರಿದ್ದು 2025ರ ಮಾರ್ಚಿನಲ್ಲಿ, ಗಿರ್‌ನ ಸಾಸಣದಲ್ಲಿ. ಬೀದರದ ಹೊಲಗಳಲ್ಲಿ ಕೃಷ್ಣಮೃಗ ಇಂದಿಗೂ ಕಾಣಸಿಗುತ್ತದೆ. ಎರ್ಲಡ್ಡು ಮಾತ್ರ ಸೊಲ್ಲಾಪುರದ ನಾನ್ನಜ್‌ನಲ್ಲೂ ಬಳ್ಳಾರಿಯ ಸಿರುಗುಪ್ಪದಲ್ಲೂ ಬೆರಳಲ್ಲಿ ಎಣಿಸುವಷ್ಟಕ್ಕೆ ಇಳಿದಿದೆ. ಮಧ್ಯ ಪ್ರದೇಶದ ಕೂನೋದಲ್ಲಿ ಸಿಂಹಗಳಿಗಾಗಿ ಇಪ್ಪತ್ತನಾಲ್ಕು ಹಳ್ಳಿಗಳನ್ನು ಎಬ್ಬಿಸಿ ಜಾಗ ಮಾಡಿದರು. 2013ರಲ್ಲಿ ಸುಪ್ರೀಂ ಕೋರ್ಟು ಅಲ್ಲಿಗೆ ಸಿಂಹಗಳನ್ನು ಒಯ್ಯಲು ಆಜ್ಞೆ ಮಾಡಿತು. ಸಿಂಹ ಬರಲಿಲ್ಲ. 2022ರ ಸೆಪ್ಟೆಂಬರಿನಲ್ಲಿ ಆ ಕಾಡಿಗೆ ಬಂದದ್ದು ಆಫ್ರಿಕದ ನಮೀಬಿಯದಿಂದ ವಿಮಾನದಲ್ಲಿ ತಂದ ಎಂಟು ಸಿವಂಗಿಗಳು.