ದೀಪದ ಹಿಂದಿನ ಲೆಕ್ಕ

ಫ್ಲಾರೆನ್ಸ್ ನೈಟಿಂಗೇಲ್ ಎಂದೊಡನೆ ನಿಮಗೆ ನೆನಪಾಗುವುದು ದೀಪ ಹಿಡಿದ ಮಹಿಳೆಯ ಚಿತ್ರ. ಮಕ್ಕಳಿಗೆ ನಾವು ಹೇಳಿಕೊಡುವುದೂ ಹೆಚ್ಚಾಗಿ ಅಷ್ಟೇ.

1820ರಲ್ಲಿ ಶ್ರೀಮಂತ ಇಂಗ್ಲಿಷ್ ಮನೆತನದಲ್ಲಿ ಹುಟ್ಟಿದ ಆಕೆ, ಮನೆಯವರ ವಿರೋಧವಿದ್ದರೂ ದಾದಿಯಾದರು. ಕ್ರಿಮಿಯಾ ಯುದ್ಧ ನಡೆಯುತ್ತಿದ್ದ 1854ರ ನವೆಂಬರ್‌ನಲ್ಲಿ 38 ದಾದಿಯರೊಡನೆ ಇಸ್ತಾಂಬುಲ್‌ನ ಉಸ್ಕುದಾರ್‌ಗೆ ಬಂದಿಳಿದರು. ಅಲ್ಲಿನ ತುರ್ಕಿ ಸೈನಿಕರ ವಸತಿಗೃಹವೇ ಬ್ರಿಟಿಷರ ಆಸ್ಪತ್ರೆಯಾಗಿತ್ತು. ಹಾಸಿಗೆ, ಬಟ್ಟೆ, ಊಟ ಎಲ್ಲವನ್ನೂ ಹೊಂದಿಸಿದರು. ರಾತ್ರಿಯೂ ರೋಗಿಗಳ ನಡುವೆ ಓಡಾಡಿದರು. ಆದರೂ ಆ ಚಳಿಗಾಲದಲ್ಲಿ ಸುಮಾರು 4,000 ಸೈನಿಕರು ಸತ್ತರು. ಬಹುಪಾಲು ಜನ ಸತ್ತದ್ದು ಗಾಯದಿಂದಲ್ಲ, ಭೇದಿ, ಕಾಲರಾ, ಜ್ವರದಿಂದ! ಕಟ್ಟಡದ ಅಡಿಯಲ್ಲೇ ಚರಂಡಿ ಕಟ್ಟಿಕೊಂಡು ಕೊಳೆಯುತ್ತಿತ್ತು. 1855ರ ಮಾರ್ಚ್‌ನಲ್ಲಿ ನೈರ್ಮಲ್ಯ ಆಯೋಗ ಬಂದು ಅದನ್ನು ತೊಳೆಸಿದ ಮೇಲೆ ಸಾವು ಇಳಿಯಿತು.

ಊರಿಗೆ ಮರಳಿದ ಆಕೆ ಸನ್ಮಾನಗಳಿಂದ ದೂರ ಉಳಿದು, ಸತ್ತವರ ಲೆಕ್ಕ ಹಿಡಿದು ಕುಳಿತರು. ಸಂಖ್ಯಾಶಾಸ್ತ್ರಜ್ಞ ವಿಲಿಯಂ ಫಾರ್ ಅವರ ನೆರವಿನಿಂದ ತಿಂಗಳವಾರು ಸಾವುಗಳನ್ನು ನಕ್ಷೆಯಲ್ಲಿ ಬಿಡಿಸಿ 1858ರಲ್ಲಿ ಅಧಿಕಾರಿಗಳ ಮುಂದಿಟ್ಟರು. ತಾವಿದ್ದ ಆಸ್ಪತ್ರೆಯ ಸಾವುಗಳನ್ನೂ ಬಚ್ಚಿಡಲಿಲ್ಲ. ನನ್ನ ಮಟ್ಟಿಗೆ ದೀಪಕ್ಕಿಂತ ದೊಡ್ಡ ಸೇವೆ ಇದೇ.

1860ರಲ್ಲಿ ಲಂಡನ್ನಿನಲ್ಲಿ ಅವರ ದಾದಿಯರ ಶಾಲೆ ತೆರೆಯಿತು. ಭಾರತಕ್ಕೆ ಒಮ್ಮೆಯೂ ಬಾರದಿದ್ದರೂ, 1910ರಲ್ಲಿ ತೀರಿಕೊಂಡ ಈಕೆ ಇಲ್ಲಿನ ನೀರು, ಚರಂಡಿಗಳ ಬಗ್ಗೆ ವರ್ಷಗಟ್ಟಲೆ ಪತ್ರ ಬರೆದರು.