ಮನೆ ಮಾರಿ ಮುದ್ರಣಾಲಯ ತೆರೆದ ಶರಣರು

ಪೂಜ್ಯ ಫ. ಗು. ಹಳಕಟ್ಟಿಯವರು 1880ರಲ್ಲಿ ಧಾರವಾಡದಲ್ಲಿ ಜನಿಸಿ, ವಿಜಾಪುರದಲ್ಲಿ ವಕೀಲವೃತ್ತಿಯನ್ನು ಕೈಕೊಂಡರು. ಅಂದು ಶರಣರ ವಚನಗಳು ಬಹುವಾಗಿ ತಾಳೆಗರಿಯ ಕಟ್ಟುಗಳಲ್ಲಿ ಪೂಜೆಗೊಳ್ಳುತ್ತಿದ್ದುವೇ ಹೊರತು ಓದಿಗೆ ದೊರೆಯುವುದು ವಿರಳವಾಗಿದ್ದಿತು. ಬಸವಣ್ಣನವರನ್ನು ಜನರು ಹೆಚ್ಚಾಗಿ ಪುರಾಣದ ಪವಾಡಗಳಿಂದಲೇ ಅರಿತಿದ್ದರು. ಹಳಕಟ್ಟಿಯವರು ಊರೂರು ಅಲೆದು ಓಲೆಗಳನ್ನು ಕೂಡಿಸಿ, 1923ರಲ್ಲಿ ವಚನಶಾಸ್ತ್ರಸಾರವನ್ನು ಬೆಳಕಿಗೆ ತಂದರು. ಇದ್ದ ಮನೆಯನ್ನು ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದು, ಮರುವರ್ಷ ಶಿವಾನುಭವ ಪತ್ರಿಕೆಯನ್ನು ಹೊರಡಿಸಿದರು.

ಒಂದು ಸಂಚಿಕೆಯಿಂದ ಮನಸ್ಸು ಮಾರ್ಪಡುವುದಿಲ್ಲ. ಆದರೆ ವರುಷ ವರುಷವೂ ಅಚ್ಚಿನ ಹಾಳೆಗಳು ಮನೆ ಸೇರಿದಂತೆ, ಅಂಬಿಗರೂ ಮಾದಾರರೂ ಅಕ್ಕಿಯಾಯುವ ಶರಣೆಯೂ ಅನುಭಾವವನ್ನು ನುಡಿದರೆಂಬುದನ್ನು ಗೃಹಸ್ಥರು ತಾವೇ ಓದಿ ತಿಳಿದರು. ಕುಲದ ಮೇಲುಕೀಳು ಸಹಜವೆಂಬ ನಂಬಿಕೆ ಸಡಿಲತೊಡಗಿತು. ಹಳಕಟ್ಟಿಯವರು 1964ರಲ್ಲಿ ಲಿಂಗೈಕ್ಯರಾದರು. ನಿತ್ಯವೂ ಓದಿದುದೇ ಬಗೆಯನ್ನು ರೂಪಿಸುವುದಾದುದರಿಂದ, ಮನೆಯೊಳಗೆ ಬರುವ ಮಾತನ್ನು ಸದ್ಭಕ್ತರು ಅರಿತು ಬರಮಾಡಿಕೊಳ್ಳತಕ್ಕದ್ದು.