ಕಾಲಿನ ಯಂತ್ರ ಮಾಡಿದ ಚೆಬಿಶೇವ್



ಗಣಿತಜ್ಞ ಚೆಬಿಶೇವ್ ಅವರು 1821ನೇ ಇಸವಿಯಲ್ಲಿ ರಷ್ಯಾ ದೇಶದ ಒಕಾತೊವೊ ಎಂಬ ಹಳ್ಳಿಯಲ್ಲಿ ಜನಿಸಿದರು. ಚಿಕ್ಕಂದಿನಿಂದಲೇ ಅವರಿಗೆ ಒಂದು ಕಾಲು ಕುಂಟು. ಬೇರೆ ಹುಡುಗರ ಜೊತೆ ಓಡಿ ಆಡೋಕೆ ಆಗುತ್ತಿರಲಿಲ್ಲ. ಅದಕ್ಕೇ ಕೂತಲ್ಲೇ ಆಟಿಕೆ ಯಂತ್ರ ಮಾಡುತ್ತಿದ್ದರು. ನನ್ನ ಎಡಗಾಲು ನಿಮಗೆ ಗೊತ್ತೇ ಇದೆ, ಆದ್ದರಿಂದ ಇವರ ಜೀವನ ಬರೆಯೋಣ ಅನ್ನಿಸಿತು.

ಮುಂದೆ ಅವರು ಸೇಂಟ್ ಪೀಟರ್ಸ್‌ಬರ್ಗ್ ವಿಶ್ವವಿದ್ಯಾನಿಲಯದಲ್ಲಿ ಪ್ರೊಫೆಸರ್ ಆದರು. ಅವರ ಗಣಿತ ನಮಗೆ ಈಗಲೇ ತಿಳಿಯೋದಿಲ್ಲ. ಆದರೆ ಅವರ ನಡೆಯುವ ಯಂತ್ರ ತಿಳಿಯುತ್ತೆ. ಅದಕ್ಕೆ ಗಾಲಿ ಇಲ್ಲ, ನಾಲ್ಕು ಕಾಲು. ಸಲಾಕೆಗಳನ್ನು ಕೀಲು ಹಾಕಿ ಜೋಡಿಸಿದ್ದಾರೆ. ಒಂದು ಸಲಾಕೆ ಗುಂಡಗೆ ತಿರುಗಿದರೆ ಪಾದ ನೆಲದ ಮೇಲೆ ನೇರವಾಗಿ ಹಿಂದಕ್ಕೆ ಸರಿದು, ಆಮೇಲೆ ಎದ್ದು ಮುಂದಕ್ಕೆ ಬರುತ್ತೆ. ಮುಂದಿನ ಬಲಗಾಲು, ಹಿಂದಿನ ಎಡಗಾಲು ಒಟ್ಟಿಗೆ ಏಳುತ್ತವೆ. 1878ರಲ್ಲಿ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಅದನ್ನು ಇಟ್ಟಿದ್ದರು.

ಆದರೆ ಅದರ ಹೆಜ್ಜೆ ಯಾವಾಗಲೂ ಒಂದೇ ಅಳತೆ. ಸಮನೆಲ ಬೇಕು. ನಮ್ಮ ಮೇಕೆ ಹಂಗಲ್ಲ, ಬಂಡೆ ನೋಡಿ ಕಾಲಿಡುತ್ತೆ.

1894ರಲ್ಲಿ ಚೆಬಿಶೇವ್ ತೀರಿಕೊಂಡರು. ಈಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ನಾಲ್ಕು ಕಾಲಿನ ರೋಬೋಟ್ ಮಾಡಿದ್ದಾರೆ. ಪ್ರತಿ ಕಾಲಿಗೂ ಬೇರೆ ಮೋಟಾರು, ಇಳಿಜಾರಿನಲ್ಲೂ ನಡೆಯುತ್ತೆ. ಅದು ನಮ್ಮ ಪಾವಗಡದ ಬೆಟ್ಟಕ್ಕೆ ಬಂದರೆ ನಾನೂ ಜೊತೆಯಲ್ಲಿ ಹತ್ತುತ್ತೇನೆ. ಅದು ಓಡಬಾರದು ಅಷ್ಟೆ.

— 7ನೇ ತರಗತಿ